ಸೀಸವಿಲ್ಲದ ಸೀಸದ ಕಡ್ಡಿ

ನಮ್ಮ ಹಿರಿಯರು ಪೆನ್ಸಿಲ್ಲನ್ನು ಸೀಸದ ಕಡ್ಡಿ ಎನ್ನುತ್ತಿದ್ದರು. ಒಳಗಿರುವುದು ಸೀಸವಲ್ಲ, ಗ್ರಾಫೈಟ್; ಇಂಗಾಲದ ಒಂದು ರೂಪ. 16ನೇ ಶತಮಾನದಲ್ಲಿ ಇಂಗ್ಲೆಂಡಿನ ಬಾರೋಡೇಲ್ ಕಣಿವೆಯಲ್ಲಿ ಸಿಕ್ಕ ಈ ಕಪ್ಪು ಖನಿಜವನ್ನು ಜನ ಸೀಸದ್ದೇ ಒಂದು ಬಗೆ ಎಂದುಕೊಂಡರು. ತಪ್ಪು ತಿಳಿದರೂ ಹೆಸರು ಉಳಿಯಿತು.

ಯುದ್ಧದಿಂದಾಗಿ ಇಂಗ್ಲೆಂಡಿನ ಗ್ರಾಫೈಟ್ ಬರುವುದು ನಿಂತಾಗ ಫ್ರಾನ್ಸಿನ ನಿಕೊಲಾ-ಜಾಕ್ ಕಾಂಟೆ 1795ರ ಹೊತ್ತಿಗೆ ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಕಲಸಿ, ಕಡ್ಡಿ ಹೊಸೆದು ಸುಟ್ಟರು. ಮಣ್ಣು ಹೆಚ್ಚಿದಷ್ಟೂ ಕಡ್ಡಿ ಗಟ್ಟಿ, ಗೆರೆ ತೆಳು. ಇಂದಿನ ಎಚ್, ಬಿ ಗುರುತುಗಳ ಹಿಂದಿರುವುದೂ ಇದೇ ಲೆಕ್ಕ.

ಅಮೆರಿಕದ ಕಾಂಕರ್ಡ್‌ನಲ್ಲಿ ‘ವಾಲ್ಡನ್’ ಬರೆದ ಹೆನ್ರಿ ಡೇವಿಡ್ ಥೋರೋ ಅವರ ಮನೆತನದ ಕಸುಬೇ ಪೆನ್ಸಿಲ್ ತಯಾರಿಕೆ. ಮಣ್ಣಿನ ಹದ ಹುಡುಕಿ ಅಲ್ಲಿನ ಒರಟು ಪೆನ್ಸಿಲ್ಲನ್ನು ನಯಗೊಳಿಸಿದವರೂ ಅವರೇ. ರಾಶಿಗೆ ಕೈಹಾಕಿದರೆ ಎಣಿಸದೆಯೇ ಸರಿಯಾಗಿ ಒಂದು ಡಜನ್ ಎತ್ತುತ್ತಿದ್ದರೆಂದು ಗೆಳೆಯ ಎಮರ್ಸನ್ ನೆನೆದಿದ್ದಾರೆ. ಮೇನ್ ಕಾಡುಗಳ ಪ್ರಯಾಣಕ್ಕೆ ಬೇಕಾದ ಸಾಮಾನಿನ ಉದ್ದದ ಪಟ್ಟಿಯನ್ನೂ ಥೋರೋ ಬರೆದಿಟ್ಟರು. ಅದರಲ್ಲಿ ಪೆನ್ಸಿಲ್ಲೇ ಇಲ್ಲ! ಸದಾ ಜೇಬಿನಲ್ಲಿರುವುದನ್ನು ಯಾರು ಪಟ್ಟಿ ಮಾಡುತ್ತಾರೆ?

ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ ಅವರದು ಬೇರೆಯೇ ತಕರಾರು: ದಿನವಿಡೀ ಬರೆದರೆ ಆರು ಮೂಲೆಯ ಪೆನ್ಸಿಲ್ ಬೆರಳನ್ನು ಒತ್ತುತ್ತದೆ, ದುಂಡನೆಯದೇ ಬೇಕು.