ಹಾರ, ಶಾಲು ಆದ ಮೇಲೆ ಏನು? ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಮಾಜಿ ಸೈನಿಕರಿಗೆ ಊರವರು ಮಾಡಬಹುದಾದ ಕೆಲಸಗಳು

ಕೊಪ್ಪ: ಸೇವೆ ಮುಗಿಸಿ ಊರಿಗೆ ಬರುವ ಯೋಧನಿಗೆ ಬಸ್ ನಿಲ್ದಾಣದಲ್ಲೇ ಹಾರ ಹಾಕಿ, ತೆರೆದ ಜೀಪಿನಲ್ಲಿ ಮೆರವಣಿಗೆ ಮಾಡಿ ಮನೆ ಮುಟ್ಟಿಸುವುದು ಈಗ ಮಲೆನಾಡಿನಲ್ಲೂ ರೂಢಿ. ಆಗಸ್ಟ್ 15, ಜನವರಿ 26 ಬಂತೆಂದರೆ ಶಾಲೆ, ಪಂಚಾಯಿತಿ, ಸಂಘ-ಸಂಸ್ಥೆಗಳಲ್ಲಿ ಶಾಲು, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನ. ಇದೆಲ್ಲ ಬೇಕು. ಆದರೆ ಅದೇ ಯೋಧರಿಗೆ ಎಂಬತ್ತು ವರ್ಷ ಆದಾಗ, ಅಥವಾ ಅವರು ತೀರಿಕೊಂಡು ಮನೆಯಲ್ಲಿ ಹೆಂಡತಿ ಒಬ್ಬರೇ ಉಳಿದಾಗ ಬೇಕಾಗುವುದು ಹಾರ ಅಲ್ಲ. ಅರ್ಜಿ ತುಂಬಿಕೊಡುವ, ಕಚೇರಿಗೆ ಜೊತೆಗೆ ಬರುವ ಒಬ್ಬ ಮನುಷ್ಯ.

ಕೊಡಗಿನಲ್ಲಿ ಊರೂರಿಗೆ ಸೈನಿಕರ ಮನೆಗಳಿವೆ, ಒಬ್ಬರಿಗೆ ಗೊತ್ತಿದ್ದದ್ದು ಇನ್ನೊಬ್ಬರಿಗೆ ತಿಳಿಯುತ್ತೆ. ನಮ್ಮಲ್ಲಿ ಹಾಗಲ್ಲ. ಹತ್ತಾರು ತೋಟದ ನಡುವೆ ಒಂದು ಸೈನಿಕರ ಮನೆ, ಎಷ್ಟೋ ಕಡೆ ನೆಟ್‌ವರ್ಕ್ ಇಲ್ಲ. ಹಾಗಾಗಿ ಸಿಗಬೇಕಾದ ಸವಲತ್ತು ಇದೆ ಅಂತಲೇ ಗೊತ್ತಿರಲ್ಲ. ಊರಿನವರಿಗೆ ಉಪಯೋಗವಾಗಲಿ ಎಂದು ಮುಖ್ಯ ವಿಷಯಗಳನ್ನು ಇಲ್ಲಿ ಒಟ್ಟಿಗೆ ಕೊಟ್ಟಿದ್ದೇವೆ.

ಪಿಂಚಣಿ ಇಲ್ಲದ ಸೈನಿಕರೂ ಇದ್ದಾರೆ

"ಮಿಲಿಟ್ರಿಯವರಲ್ವಾ, ಪಿಂಚಣಿ ಬರುತ್ತೆ ಬಿಡಿ" ಎಂಬ ಮಾತು ಎಲ್ಲ ಕಡೆ ಕೇಳುತ್ತೆ. ಎಲ್ಲರಿಗೂ ಬರಲ್ಲ. ಜವಾನರಿಗೆ ಸೇವಾ ಪಿಂಚಣಿ ಸಿಗಲು ಸಾಮಾನ್ಯವಾಗಿ 15 ವರ್ಷ ಸೇವೆ ಆಗಿರಬೇಕು. ಮನೆಯ ತೊಂದರೆ, ಅನಾರೋಗ್ಯ ಅಂತ ಮೊದಲೇ ಬಿಡುಗಡೆ ಪಡೆದು ಬಂದವರು ಈ ಲೆಕ್ಕಕ್ಕೆ ಬರಲ್ಲ.

ಇಂಥವರಿಗಾಗಿಯೇ ಕೇಂದ್ರೀಯ ಸೈನಿಕ ಮಂಡಳಿಯ ಸಹಾಯಧನ ಇದೆ. 65 ವರ್ಷ ದಾಟಿದ, ಪಿಂಚಣಿ ಇಲ್ಲದ, ಹವಾಲ್ದಾರ್ ಮತ್ತು ಅದಕ್ಕಿಂತ ಕೆಳಗಿನ ದರ್ಜೆಯ ಮಾಜಿ ಸೈನಿಕರು ಅಥವಾ ಅವರ ವಿಧವೆಯರು ಇದಕ್ಕೆ ಅರ್ಜಿ ಹಾಕಬಹುದು. ತಿಂಗಳಿಗೆ 4,000 ರೂ. ಇದ್ದದ್ದನ್ನು 8,000 ರೂ.ಗೆ ಏರಿಸಲಾಗಿದ್ದು, 2025ರ ನವೆಂಬರ್ 1ರಿಂದ ಸಲ್ಲಿಸುವ ಅರ್ಜಿಗಳಿಗೆ ಹೊಸ ದರ ಅನ್ವಯ. ಇದರ ಜೊತೆಗೆ ಮಕ್ಕಳ ಓದಿಗೆ ಕೊಡುವ ನೆರವು ಇಬ್ಬರು ಮಕ್ಕಳವರೆಗೆ ತಲಾ ತಿಂಗಳಿಗೆ 1,000ದಿಂದ 2,000 ರೂ.ಗೆ, ಮಗಳ ಮದುವೆಗೆ ಕೊಡುವ ನೆರವು 50,000ದಿಂದ 1 ಲಕ್ಷ ರೂ.ಗೆ ಏರಿದೆ.

ಡಿಸೆಂಬರ್ 7ರ ಧ್ವಜ ದಿನದಂದು ಶಾಲೆ, ಕಚೇರಿಗಳಲ್ಲಿ ಪುಟ್ಟ ಬಾವುಟ ಕೊಟ್ಟು ಸಂಗ್ರಹಿಸುವ ಹಣ ಇಂಥ ನೆರವಿಗೇ ಹೋಗುತ್ತದೆ. 1949ರಿಂದ ಈ ಪದ್ಧತಿ ಇದೆ. ನಾವು ಹಾಕಿದ ಹತ್ತು ರೂಪಾಯಿ ನಮ್ಮೂರಿಗೇ ವಾಪಸ್ ಬರಬೇಕಾದರೆ ಇಲ್ಲಿಂದ ಅರ್ಜಿ ಹೋಗಬೇಕಷ್ಟೆ.

ನವೆಂಬರ್ ತಿಂಗಳ ಗಡಿಬಿಡಿ

ಪಿಂಚಣಿ ಪಡೆಯುವವರು ವರ್ಷಕ್ಕೊಮ್ಮೆ ಜೀವಿತ ಪ್ರಮಾಣ ಪತ್ರ ಕೊಡಬೇಕು. ಸಾಮಾನ್ಯವಾಗಿ ನವೆಂಬರ್‌ನಲ್ಲಿ ಕೊಡುವುದು ರೂಢಿ, 80 ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. ನಮ್ಮಲ್ಲಿ ನವೆಂಬರ್ ಅಂದರೆ ಅಡಿಕೆ ಕೊಯ್ಲು, ಸುಲಿತ, ಬೇಯಿಸುವ ಕೆಲಸ. ಮನೆಯ ಹುಡುಗರಿಗೆ ಪುರುಸೊತ್ತಿಲ್ಲ, ಅಜ್ಜನಿಗೆ ಆನ್‌ಲೈನ್ ಗೊತ್ತಿಲ್ಲ. ಪತ್ರ ಹೋಗದಿದ್ದರೆ ಪಿಂಚಣಿ ನಿಲ್ಲುತ್ತೆ.

ಈಗ ರಕ್ಷಣಾ ಪಿಂಚಣಿ 'ಸ್ಪರ್ಶ್' ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ನಡೆಯುತ್ತದೆ. ಸಾಮಾನ್ಯ ಸೇವಾ ಕೇಂದ್ರಗಳಲ್ಲೂ (ಸಿಎಸ್‌ಸಿ) ಈ ಕೆಲಸ ಆಗುತ್ತದೆ. ನಡೆಯಲಾಗದವರಿಗೆ ಅಂಚೆ ಇಲಾಖೆಯ ಪೇಮೆಂಟ್ಸ್ ಬ್ಯಾಂಕ್ ಮೂಲಕ ಪೋಸ್ಟ್‌ಮ್ಯಾನ್ ಮನೆಗೇ ಬಂದು ಮಾಡಿಕೊಡುತ್ತಾರೆ, ಸಣ್ಣ ಶುಲ್ಕ ಇರುತ್ತೆ. ಬೆರಳಚ್ಚು ಸವೆದು ಹೋಗಿದ್ದರೆ ಮುಖ ಗುರುತಿನ ಮೂಲಕವೂ ಮಾಡಬಹುದು.

80 ತುಂಬಿದ ಮೇಲೆ ಮೂಲ ಪಿಂಚಣಿಗೆ ಶೇ 20, 85ಕ್ಕೆ ಶೇ 30, 90ಕ್ಕೆ ಶೇ 40, 95ಕ್ಕೆ ಶೇ 50, ನೂರಕ್ಕೆ ಶೇ 100 ಹೆಚ್ಚುವರಿ ಸೇರುತ್ತದೆ. ಹುಟ್ಟಿದ ದಿನಾಂಕ ದಾಖಲೆಯಲ್ಲಿ ಸರಿ ಇದೆಯೇ ಎಂದು ನೋಡಿಕೊಳ್ಳಿ.

ಹೆಂಡತಿಯ ಹೆಸರು ಸರಿ ಇದೆಯೇ?

ಕುಟುಂಬ ಪಿಂಚಣಿ ತಡವಾಗಲು ದೊಡ್ಡ ಕಾರಣ ಇದೇ. ಸೇನೆಯ ದಾಖಲೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ಮದುವೆಯಾದಾಗ ದಾಖಲಾತಿ ಮಾಡಿಸದೆ ಬಿಟ್ಟವರೂ ಇದ್ದಾರೆ. ಯಜಮಾನರು ಇರುವಾಗಲೇ ತಿದ್ದಿಸುವುದು ಸುಲಭ, ಹೋದ ಮೇಲೆ ಆ ಅಮ್ಮ ಅಲೆಯಬೇಕಾಗುತ್ತೆ.

ಒಂದು ಕಡತದಲ್ಲಿ ಇವಿಷ್ಟು ಇಟ್ಟಿರಲಿ: ಡಿಸ್ಚಾರ್ಜ್ ಬುಕ್, ಪಿಂಚಣಿ ಆದೇಶ (ಪಿಪಿಒ), ಮಾಜಿ ಸೈನಿಕರ ಗುರುತಿನ ಚೀಟಿ, ಇಬ್ಬರ ಆಧಾರ್, ಜಂಟಿ ಖಾತೆಯ ಪಾಸ್‌ಬುಕ್, ಮದುವೆಯ ದಾಖಲೆ. ಡಿಸ್ಚಾರ್ಜ್ ಬುಕ್ ಕಳೆದಿದ್ದರೆ ಪೊಲೀಸ್ ಠಾಣೆಗೆ ದೂರು ಕೊಟ್ಟು, ಅವರು ಸೇವೆ ಸಲ್ಲಿಸಿದ ರೆಜಿಮೆಂಟಿನ ದಾಖಲೆ ಕಚೇರಿಗೆ ಬರೆಯಬೇಕು. ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರದು ಬೆಂಗಳೂರಿನಲ್ಲಿ, ಮದ್ರಾಸ್ ರೆಜಿಮೆಂಟಿನವರದು ವೆಲ್ಲಿಂಗ್ಟನ್‌ನಲ್ಲಿ, ಇಎಂಇಯವರದು ಸಿಕಂದರಾಬಾದ್‌ನಲ್ಲಿ, ಆರ್ಟಿಲರಿಯವರದು ನಾಸಿಕ್‌ನಲ್ಲಿ ಇದೆ. ಸೈನಿಕ ಸಂಖ್ಯೆ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ.

ಚಿಕಿತ್ಸೆ, ಓದು, ಜಮೀನು

ಪಿಂಚಣಿದಾರರ ಚಿಕಿತ್ಸೆಗೆ 2003ರಿಂದ ಇಸಿಎಚ್‌ಎಸ್ ಯೋಜನೆ ಇದೆ. ನಮ್ಮ ಮೂರು ತಾಲ್ಲೂಕಿನವರು ಇದಕ್ಕಾಗಿ ಘಾಟಿ ಇಳಿದು ಹತ್ತಿ ದೂರ ಹೋಗಬೇಕು. ಕಾರು ಇರುವವರು ಆ ಕಡೆ ಹೋಗುವಾಗ ಒಬ್ಬರನ್ನು ಕರೆದುಕೊಂಡು ಹೋದರೂ ದೊಡ್ಡ ಉಪಕಾರ.

ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್‌ನಂಥ ವೃತ್ತಿಪರ ಕೋರ್ಸ್‌ಗೆ ಸೇರುವ ಮಕ್ಕಳಿಗೆ ಪ್ರಧಾನಮಂತ್ರಿ ವಿದ್ಯಾರ್ಥಿವೇತನ ಇದೆ. ಹುಡುಗಿಯರಿಗೆ ತಿಂಗಳಿಗೆ 3,000, ಹುಡುಗರಿಗೆ 2,500 ರೂ. ಅರ್ಹತಾ ಪರೀಕ್ಷೆಯಲ್ಲಿ ಶೇ 60 ಅಂಕ ಬೇಕು.

ಜಮೀನಿನ ವಿಷಯ ಮಾತ್ರ ಕಷ್ಟದ್ದು. 1969ರ ಕರ್ನಾಟಕ ಭೂ ಮಂಜೂರಾತಿ ನಿಯಮಗಳಲ್ಲಿ ಸೈನಿಕರು, ಮಾಜಿ ಸೈನಿಕರಿಗೆ ಶೇ 10 ಮೀಸಲು ಇದೆ. ಆದರೆ ಶೃಂಗೇರಿ ಕಡೆ ಕುದುರೆಮುಖ ರಾಷ್ಟ್ರೀಯ ಉದ್ಯಾನ, ಎನ್.ಆರ್.ಪುರ ಕಡೆ ಭದ್ರಾ ಹುಲಿ ಸಂರಕ್ಷಿತ ಪ್ರದೇಶ, ಉಳಿದದ್ದರಲ್ಲಿ ಡೀಮ್ಡ್ ಅರಣ್ಯದ ತಕರಾರು. ಹಾಗಾಗಿ ಅರ್ಜಿ ಹಾಕುವ ಮೊದಲು ಆ ಸರ್ವೆ ನಂಬರು ಕಂದಾಯದ್ದೋ ಅರಣ್ಯದ್ದೋ ಎಂದು ನೋಡಿಕೊಳ್ಳುವುದು ಒಳ್ಳೆಯದು.

ನೆನಪಿಡಬೇಕಾದ ದಿನಗಳು

ಜನವರಿ 14 ಮಾಜಿ ಸೈನಿಕರ ದಿನ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು 1953ರಲ್ಲಿ ನಿವೃತ್ತರಾದ ದಿನವದು. ನಮ್ಮಲ್ಲಿ ಸಂಕ್ರಾಂತಿಯ ಗಲಾಟೆಯಲ್ಲಿ ಮರೆತೇ ಹೋಗುತ್ತೆ. ಜುಲೈ 26 ಕಾರ್ಗಿಲ್ ವಿಜಯ ದಿನ, ಆಗ ಮಳೆ ಜೋರಾಗಿ ಶಾಲೆಗೆ ರಜೆ ಇದ್ದರೂ ಇರಬಹುದು. ಡಿಸೆಂಬರ್ 16 ವಿಜಯ ದಿವಸ. 1971ರ ಯುದ್ಧ ಕಂಡವರು ಈಗ ಎಪ್ಪತ್ತು ದಾಟಿದ್ದಾರೆ. ಶಾಲೆಗೆ ಕರೆದು ಅವರ ಮಾತು ಕೇಳಿಸಿ, ಬರೆದಿಡಿ. ಸನ್ಮಾನಕ್ಕೆ ಕರೆಯುವಾಗ ಸೈನಿಕರ ವಿಧವೆಯರನ್ನೂ ವೇದಿಕೆಗೆ ಕರೆಯಿರಿ.

ಹೀಗೆ ಶುರು ಮಾಡಿ

ನಿಮ್ಮ ಪಂಚಾಯಿತಿ ವ್ಯಾಪ್ತಿಯ ಮಾಜಿ ಸೈನಿಕರು, ವಿಧವೆಯರ ಪಟ್ಟಿ ಮಾಡಿ. ಯಾರಿಗೆ ಪಿಂಚಣಿ ಇದೆ, ಯಾರಿಗಿಲ್ಲ ಎಂದು ಕೇಳಿ. ಪಿಂಚಣಿ ಇಲ್ಲದವರ ಅರ್ಜಿಯನ್ನು ನಮ್ಮ ಜಿಲ್ಲೆಯನ್ನು ನೋಡಿಕೊಳ್ಳುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿ ಮೂಲಕ ಕಳಿಸಿ. ನವೆಂಬರ್‌ನಲ್ಲಿ ಒಂದು ಭಾನುವಾರ ಯುವಕ ಸಂಘದವರು ಮೊಬೈಲ್ ಹಿಡಿದು ಮನೆ ಮನೆಗೆ ಹೋದರೂ ಸಾಕು. ಮುಂದಿನ ಆಗಸ್ಟ್ 15ಕ್ಕೆ ಶಾಲು ಹೊದಿಸುವಾಗ ಕಿವಿಯಲ್ಲಿ ಒಂದು ಮಾತು ಕೇಳಿ: "ಅಜ್ಜಾ, ಕಾಗದಪತ್ರ ಎಲ್ಲ ಸರಿ ಉಂಟಾ?"