ಗುತ್ತಿಗೆಗೆ ಸಿಕ್ಕ ಮೀನು ತಾಟಿಗೆ ಬರಲಿಲ್ಲ

ಸೇಡಂ, ಚಿತ್ತಾಪುರ, ಶಹಾಬಾದ ಕಡೆ ಊಟವೆಂದರೆ ಜೋಳದ ರೊಟ್ಟಿ, ತೊಗರಿ ಬೇಳೆ. ಸಮುದ್ರ ಬಲು ದೂರ. ಆದರೂ ಕಾಗಿಣಾ, ಮುಲ್ಲಾಮಾರಿಗಳಲ್ಲಿ ಬಲೆ ಬೀಸುವ ಕೋಲಿ, ಕಬ್ಬಲಿಗರ ಮನೆಗಳು ಈ ಸೀಮೆಯಲ್ಲಿವೆ. ಮೀನಿನ ಕಾನೂನುಗಳನ್ನೂ ಅನ್ನದ ಕಾನೂನುಗಳನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಅವು ಒಂದನ್ನೊಂದು ಮಾತಾಡಿಸಿದ್ದೇ ಕಾಣುವುದಿಲ್ಲ.

ಬ್ರಿಟಿಷರ 1897ರ ಮೀನುಗಾರಿಕೆ ಕಾಯ್ದೆ ಮುಖ್ಯವಾಗಿ ತಡೆದದ್ದು ಎರಡನ್ನು: ನೀರಿಗೆ ಸಿಡಿಮದ್ದು ಹಾಕುವುದು, ವಿಷ ಬೆರೆಸುವುದು. ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಊರುಗಳಿಗೆ ಅದು ಆಗ ಅನ್ವಯಿಸುತ್ತಿರಲಿಲ್ಲ. ಸಂವಿಧಾನ ಬಂದಾಗ ಮೀನುಗಾರಿಕೆ ರಾಜ್ಯಪಟ್ಟಿಗೆ ಸೇರಿತು. ಪ್ರಾದೇಶಿಕ ಜಲಗಡಿ ದಾಟಿದ ಸಮುದ್ರದ ಮೀನುಗಾರಿಕೆ ಮಾತ್ರ ಕೇಂದ್ರದ್ದು. ಹಾಗಾಗಿ 2021ರಲ್ಲಿ ಕೇಂದ್ರ ಸಿದ್ಧಪಡಿಸಿದ ಸಾಗರ ಮೀನುಗಾರಿಕೆ ಮಸೂದೆಗೆ ಮಂಗಳೂರು, ಮಲ್ಪೆಗಳಲ್ಲಿ ಇದ್ದ ಮಹತ್ವ ಚಿಂಚೋಳಿಯಲ್ಲಿ ಇರಲಿಲ್ಲ. ಇಲ್ಲಿನ ನೀರಿಗೆ ಸಂಬಂಧಿಸಿದ್ದು ರಾಜ್ಯದ 1996ರ ಒಳನಾಡು ಮೀನುಗಾರಿಕೆ ಕಾಯ್ದೆ. ಅದರಲ್ಲಿ ಲೈಸೆನ್ಸಿದೆ, ಗುತ್ತಿಗೆಯಿದೆ, ದಂಡವಿದೆ. ಹಿಡಿದ ಮೀನು ಯಾರ ಹೊಟ್ಟೆಗೆ ಹೋಗಬೇಕೆಂಬ ಚಿಂತೆ ಇಲ್ಲ.

ನಿಜವಾದ ಬದಲಾವಣೆ ಶಾಸನಸಭೆಯಿಂದ ಬಂದದ್ದಲ್ಲ. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ವಿಜ್ಞಾನಿ ಹೀರಾಲಾಲ್ ಚೌಧುರಿ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆಮೀನುಗಳು ಕೆರೆಯಲ್ಲೇ ಮೊಟ್ಟೆಯಿಡುವಂತೆ ಮಾಡಿದರು. ಅಲ್ಲಿಯವರೆಗೆ ಕಾಟ್ಲಾ, ರೋಹು ಮರಿಗಳನ್ನು ಹೊಳೆಯಲ್ಲಿ ಹುಡುಕಬೇಕಿತ್ತು. ಆಮೇಲೆ ಚಿಂಚೋಳಿ ಕಡೆಯ ಚಂದ್ರಂಪಳ್ಳಿಯಂಥ ಜಲಾಶಯಗಳು ಬಂದವು, ಮರಿಗಳು ಲಾರಿ ಏರಿದವು. ಆಕ್ಸಿಜನ್ ತುಂಬಿ ಬಾಯಿ ಕಟ್ಟಿದ ಪ್ಲಾಸ್ಟಿಕ್ ಚೀಲವನ್ನು ತಂದು ಮೊದಲು ಹಾಗೇ ನೀರಿನ ಮೇಲೆ ತೇಲಬಿಡುತ್ತಾರೆ. ಒಳಗಿನ ನೀರೂ ಹೊರಗಿನ ನೀರೂ ಒಂದೇ ಬಿಸಿಗೆ ಬರಬೇಕು, ಆಮೇಲೆ ಬಾಯಿ ಬಿಚ್ಚಬೇಕು. ಅವಸರ ಮಾಡಿದರೆ ಮರಿ ಸಾಯುತ್ತದೆ. ಬೆರಳುದ್ದ ಬೆಳೆಯದ ಮರಿ ಬಿಟ್ಟರಂತೂ ಅದು ದೊಡ್ಡ ಮೀನಿನ ಊಟ! ಖರ್ಚು ಉಳಿಸಲೆಂದು ಸಣ್ಣ ಮರಿ ಬಿಡುವ ಮೀನುಗಾರರ ಸಂಘಗಳು ಸೋಲುವುದು ಇಲ್ಲೇ.

ಅನ್ನದ ಕಡೆಯದು ಬೇರೆ ಕಥೆ. 2013 ಇಡೀ ವರ್ಷ ಅದರದೇ ಸುಗ್ಗಿ. ಕೇಂದ್ರದ ಆಹಾರ ಭದ್ರತಾ ಕಾಯ್ದೆ ಬಂತು. ಜುಲೈ 10ರಂದು (ಹೌದು, ಅದೇ ತಾರೀಖು) ರಾಜ್ಯದ ಅನ್ನಭಾಗ್ಯ, ಆಗಸ್ಟ್ 1ರಂದು ಶಾಲೆಯ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ. ಕೇಂದ್ರದ ಕಾಯ್ದೆಯ ಪ್ರಕಾರ ಹಿರಿಯ ಪ್ರಾಥಮಿಕ ಶಾಲೆಯ ಮಗುವಿನ ಬಿಸಿಯೂಟದಲ್ಲಿ 20 ಗ್ರಾಂ ಪ್ರೋಟೀನ್ ಇರಬೇಕೆಂದಾಯಿತು. ಹಾಲು ಬೇಗ ಬಂದದ್ದಕ್ಕೆ ಪೌಷ್ಟಿಕತೆಯೊಂದೇ ಕಾರಣವಲ್ಲ, ರಾಜ್ಯದ ಹಾಲು ಒಕ್ಕೂಟ ಕೆಎಂಎಫ್ ಬಳಿ ಹೆಚ್ಚುವರಿ ಹಾಲಿತ್ತು. ಅಮೆರಿಕದ 1946ರ ಶಾಲಾ ಊಟದ ಕಾನೂನೂ ಮಕ್ಕಳ ಆರೋಗ್ಯ ಮತ್ತು ತನ್ನ ರೈತರ ಬೆಳೆಯ ಬಳಕೆ, ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಕೊಂಡಿತ್ತು. ಮೊಟ್ಟೆ ನಮ್ಮ ಕಲಬುರಗಿ ಸೇರಿ ಏಳು ಜಿಲ್ಲೆಗಳ ಶಾಲೆಗೆ ಬರಲು 2021ರ ಡಿಸೆಂಬರ್ ಆಯಿತು, ಅದೂ ಕೆಲವು ಮಠಾಧೀಶರ ವಿರೋಧದ ನಡುವೆ. ಮೀನಿನ ಪರವಾಗಿ ದನಿ ಎತ್ತುವ ಕೆಎಂಎಫ್‌ನಂಥ ಒಕ್ಕೂಟ ಈ ಭಾಗದಲ್ಲಿ ಇಲ್ಲ. ಕೇಂದ್ರದ 2020ರ ಮತ್ಸ್ಯಸಂಪದ ಯೋಜನೆಯ 20,050 ಕೋಟಿ ರೂಪಾಯಿಯ ಲೆಕ್ಕದಲ್ಲೂ ಉತ್ಪಾದನೆ, ರಫ್ತುಗಳದೇ ಜೋರು.

ಮೀನು ಸಾಕಲು ಇಲ್ಲಿ ಜಾಗವೂ ಇದೆ. ಶಹಾಬಾದ, ವಾಡಿ ಸುತ್ತ ಫರಸಿ ತೆಗೆದು ಬಿಟ್ಟ ಗಣಿಗಳಲ್ಲಿ ಮಳೆನೀರು ನಿಲ್ಲುತ್ತದೆ. ಜಾರ್ಖಂಡದಲ್ಲಿ ಹಾಳುಬಿದ್ದ ಕಲ್ಲಿದ್ದಲು ಗುಂಡಿಗಳಲ್ಲಿ ಪಂಜರ ಕಟ್ಟಿ ಮೀನು ಸಾಕುತ್ತಿದ್ದಾರೆ. ಇಲ್ಲೂ ನೀರು ಪರೀಕ್ಷಿಸಿ, ಸುತ್ತ ಬೇಲಿ ಹಾಕಿ ಮಾಡಬಹುದು. ನೀರು ಯಾವ ಇಲಾಖೆಯದೆಂದು ಮೊದಲು ತೀರ್ಮಾನವಾಗಬೇಕು ಅಷ್ಟೇ. ಚಿಂಚೋಳಿಯಲ್ಲಿ ತೊಡಕು ಇನ್ನೊಂದು ಬಗೆಯದು: 2011ರಲ್ಲಿ ಕಾಡು ವನ್ಯಜೀವಿಧಾಮವಾದ ಮೇಲೆ ಅರಣ್ಯ ಇಲಾಖೆಯ ಮಾತೂ ನಡೆಯಬೇಕು.

ಹೊಸ ಮಸೂದೆ ಬರುವುದಾದರೆ ನನ್ನ ಬೇಡಿಕೆ ಸಣ್ಣದು. ಗುತ್ತಿಗೆ ಪತ್ರದಲ್ಲೇ ಒಂದು ಷರತ್ತು ಸೇರಲಿ: ಹಿಡಿದ ಮೀನಿನ ಒಂದು ಪಾಲು, ನಿಗದಿತ ಬೆಲೆಗೆ, ಊರಿನ ಹಾಸ್ಟೆಲ್, ಅಂಗನವಾಡಿಗಳಿಗೆ ಮೊದಲು. ಸಂಘಕ್ಕೆ ಖಾತ್ರಿ ಗಿರಾಕಿ ಸಿಕ್ಕಂತಾಯಿತು. ಮಕ್ಕಳಿಗೆ ಮುಳ್ಳು ಸಿಕ್ಕೀತೆಂಬ ಅಂಜಿಕೆ ಸಹಜ, ಅದಕ್ಕೂ ದಾರಿಯಿದೆ. ಒಡಿಶಾದ ಮಯೂರ್‌ಭಂಜ್‌ನಲ್ಲಿ ಅಂಗನವಾಡಿಗಳಿಗೆ ಒಣಮೀನಿನ ಪುಡಿ ಕೊಟ್ಟು ನೋಡಿದ್ದಾರೆ. ತಿನ್ನದವರ ಮನೆಯ ಮಕ್ಕಳ ಪ್ರಶ್ನೆಗೂ ಉತ್ತರ ಶಾಲೆಯಲ್ಲೇ ಇದೆ: ಮೊಟ್ಟೆ ಬೇಡವೆಂದವರಿಗೆ ಈಗಲೂ ಬಾಳೆಹಣ್ಣು ಕೊಡುತ್ತಾರೆ.