ಹಡಗಿನಿಂದಿಳಿದ ಫಿರಂಗಿ

ನಮ್ಮ ನುಡಿಯ ಫಿರಂಗಿಯೆಂಬ ಶಬ್ದಕ್ಕೆ ಫ್ರಾಂಕರ ಹೆಸರೇ ಮೂಲ. ಅದು ಪರ್ಷಿಯನರ ಬಾಯಲ್ಲಿ ತಿರುಗಿ ನಮ್ಮಲ್ಲಿಗೆ ಬಂದಿತು. ಆ ಫ್ರಾಂಕರ ಹೆಸರನ್ನು ಇಂದಿಗೂ ಹೊತ್ತಿರುವ ಫ್ರಾನ್ಸ್ ದೇಶದ ಒಂದು ಫಿರಂಗಿಯ ವೃತ್ತಾಂತವನ್ನು ಈ ಹೊತ್ತು ಅರಿಕೆ ಮಾಡುತ್ತೇವೆ.

1912ರ ಮಾದರಿಯದೆಂದು ಹೆಸರಾದ ಇದರ ಬಾಯಿಯ ಅಗಲ 340 ಮಿಲಿಮೀಟರು. ಕೊಳವೆಯೊಂದರ ತೂಕವೇ ಸುಮಾರು 66 ಟನ್. ಗುಂಡು 500 ಕಿಲೋಗ್ರಾಮಿಗೂ ಮಿಕ್ಕದ್ದು. ಬ್ರೆತಾನ್ಯ, ಪ್ರೊವಾನ್ಸ್, ಲೊರೇನ್ ಎಂಬ ಮೂರು ಯುದ್ಧನೌಕೆಗಳಲ್ಲಿ ಇವನ್ನು ಹತ್ತು ಹತ್ತರಂತೆ ಹೂಡಿದರು. ನಾರ್ಮಂಡಿ ವರ್ಗದ ಇನ್ನೈದು ನೌಕೆಗಳಿಗೆ ಹನ್ನೆರಡು ಹನ್ನೆರಡರಂತೆ ಬೇಕಾಗಿದ್ದವು. ಅಷ್ಟರಲ್ಲಿ 1914ರ ಮಹಾಯುದ್ಧ ಬಂದಿತು. ಆ ನೌಕೆಗಳ ಕೆಲಸ ನಿಂತಿತು. ಹಡಗಿಲ್ಲದ ಫಿರಂಗಿಗಳು ಉಳಿದವು. ಇತ್ತ ಭೂಸೈನ್ಯಕ್ಕೆ ದೂರ ಹೊಡೆಯುವ ಭಾರಿ ಫಿರಂಗಿಗಳೇ ಸಾಲದಾಗಿದ್ದವು.

ಇಷ್ಟು ಭಾರವನ್ನು ಹೊರುವ ದಾರಿ ರೈಲು ಹಳಿಯೊಂದೇ. ಅನೇಕ ಗಾಲಿಗಳ ದೊಡ್ಡ ಬಂಡಿಯ ಮೇಲೆ ಫಿರಂಗಿಯನ್ನು ಕೂರಿಸಿದರು. ಒಂದು ಬಗೆಯಲ್ಲಿ, ಗುಂಡು ಹಾರಿದೊಡನೆ ಬಂಡಿಗೆ ಬಂಡಿಯೇ ತೊಲೆಗಳ ಮೇಲೆ ಹಿಂದಕ್ಕೆ ಜಾರಿ ಪೆಟ್ಟಿನ ರಭಸವನ್ನು ನುಂಗುತ್ತಿತ್ತು. ಮತ್ತೆ ಅದನ್ನು ಮುಂದಕ್ಕೆ ತರಬೇಕು. ಪಕ್ಕಕ್ಕೆ ಹೊರಳಲು ಅದಕ್ಕೆ ಬಾರದು. ಆದುದರಿಂದ ಹಳಿಯನ್ನೇ ಬಿಲ್ಲಿನಂತೆ ಬಾಗಿಸಿ ಹಾಸಿ, ಬಂಡಿಯನ್ನು ಹಿಂದೆ ಮುಂದೆ ನೂಕಿ ಗುರಿ ಹಿಡಿಯುತ್ತಿದ್ದರು. ತೊಡಕಿನ ಕೆಲಸವೇ ಸರಿ. ಆದರೆ ಲಾಭವೂ ಉಂಟು. ಹಡಗಿನಲ್ಲಿ ಮೊದಮೊದಲು ಕೊಳವೆಯನ್ನು 12 ಡಿಗ್ರಿಗಿಂತ ಮೇಲೆತ್ತಲಾಗದೆ ಗುಂಡು ಸುಮಾರು 14 ಕಿಲೋಮೀಟರು ಮಾತ್ರ ಹೋಗುತ್ತಿತ್ತು. ನೆಲದ ಮೇಲೆ ಮೂತಿಯನ್ನು ಇನ್ನೂ ಎತ್ತಬಹುದಾಗಿ, ಅದೇ ಫಿರಂಗಿ 30 ಕಿಲೋಮೀಟರು ಮೀರಿ ಹೊಡೆಯಿತು.

ಯುದ್ಧ ಮುಗಿದ ಮೇಲೆ ಇದೇ ಜಾತಿಯ ನಾಲ್ಕನ್ನು ತೂಲೋನ್ ರೇವಿನ ಕಾವಲಿಗೆಂದು ಸೇಪೆ ಭೂಶಿರದಲ್ಲಿ ಎರಡು ಉಕ್ಕಿನ ಗೋಪುರಗಳೊಳಗೆ ನೆಟ್ಟರು. 1942ರ ನವೆಂಬರ್ 27ರಂದು ಜರ್ಮನರು ತೂಲೋನಿಗೆ ನುಗ್ಗಲು, ಫ್ರೆಂಚರು ತಮ್ಮ ನೌಕೆಗಳನ್ನು ತಾವೇ ಮುಳುಗಿಸಿ ಈ ಫಿರಂಗಿಗಳನ್ನೂ ಕೆಡಿಸಿದರು. ಜರ್ಮನರು ಒಂದು ಗೋಪುರವನ್ನು ದುರಸ್ತು ಮಾಡಿಕೊಂಡರು.

1944ರ ಆಗಸ್ಟಿನಲ್ಲಿ ಮಿತ್ರಸೈನ್ಯ ಆ ಕರಾವಳಿಯಲ್ಲಿ ಇಳಿದಾಗ ಅದರಲ್ಲಿ ಕೆಲಸಮಾಡುತ್ತಿದ್ದುದು ಒಂದೇ ಕೊಳವೆ. ಆದರೂ ಅದರ ಭಯಕ್ಕೆ ದೊಡ್ಡ ದೊಡ್ಡ ನೌಕೆಗಳು ದೂರದಲ್ಲೇ ಸುಳಿದಾಡಬೇಕಾಯಿತು. ಅಮೆರಿಕನರು ಅದಕ್ಕೆ ದೊಡ್ಡ ವಿಲ್ಲಿ ಎಂದು ಅಡ್ಡಹೆಸರಿಟ್ಟರು. ಅಮೆರಿಕದ ನೆವಾಡದೊಡನೆ ಅದಕ್ಕೆ ಎದುರುನಿಂತ ನೌಕೆಗಳಲ್ಲಿ ಒಂದು ಲೊರೇನ್. ಅದರ ಮೇಲೆ ಉಳಿದಿದ್ದ ಎಂಟು ಫಿರಂಗಿಗಳೂ 1912ರ ಮಾದರಿಯ ಆ 340 ಮಿಲಿಮೀಟರಿನವೇ. ತೂಲೋನನ್ನು ಕಾಯಲು ಫ್ರೆಂಚರು ನೆಟ್ಟ ಫಿರಂಗಿಯನ್ನು ಅಡಗಿಸಿ ತೂಲೋನನ್ನು ಬಿಡಿಸಲು, ಫ್ರೆಂಚ್ ನಾವಿಕರು ಅದರ ಒಡಹುಟ್ಟುಗಳಿಗೇ ಮದ್ದು ತುಂಬಿದರು. ಆಗಸ್ಟ್ 28ರಂದು ಜರ್ಮನ್ ಅಡ್ಮಿರಲ್ ರೂಫುಸ್ ಸುಮಾರು 1,800 ಮಂದಿಯೊಡನೆ ಅಲ್ಲಿಯೇ ಶರಣಾದನು.